ಪಕ್ಕದ ಶಾಲೆಗೆ ವಾರಕ್ಕೊಂದು ಗಂಟೆ: ಕೊಡಗಿನ ಕಾಲೇಜು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಹೆಗಲಿಗೆ ಬಂದ ಮೊದಲ ವರ್ಷ, ಶಾಲೆಗಳು ತೆರೆದ ವಾರದಲ್ಲೇ, ನಲವತ್ತು ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿಕೊಂಡು ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಆ ಶಾಲೆಯಲ್ಲಿದ್ದ ಮಕ್ಕಳು ಒಟ್ಟು ಇಪ್ಪತ್ತಮೂರು. ನಾವು ಬ್ಯಾನರ್ ಕಟ್ಟಿದೆವು, ಭಾಷಣ ಮಾಡಿದೆವು, ಹೊರಗೋಡೆಯ ಮೇಲೆ ಕರ್ನಾಟಕದ ನಕ್ಷೆ ಬರೆದು ಬಣ್ಣ ಹಚ್ಚಿ, ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ಹಿಂತಿರುಗಿದೆವು. ಆಗಸ್ಟ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದರೆ, ಗಾಳಿಮಳೆಗೆ ಬಣ್ಣ ಹೊಪ್ಪಳೆಯೆದ್ದು, ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಕೊಡಗೇ ಉದುರಿಹೋಗಿತ್ತು. ಮುಖ್ಯ ಶಿಕ್ಷಕಿ ನಗುತ್ತಲೇ, “ಮುಂದಿನ ಸಲ ಇಬ್ಬರನ್ನೇ ಕಳುಹಿಸಿ ಸರ್, ಆದರೆ ಪ್ರತಿ ವಾರ ಕಳುಹಿಸಿ” ಎಂದರು. ಈ ಮಾರ್ಗದರ್ಶಿಯಲ್ಲಿರುವುದೆಲ್ಲ ಆ ಒಂದು ಮಾತನ್ನು ಕಾರ್ಯರೂಪಕ್ಕೆ ತರಲು ಹೋಗಿ ನಾನೂ ನನ್ನ ವಿದ್ಯಾರ್ಥಿಗಳೂ ಕಲಿತದ್ದು.

ಶಾಲೆಯ ಆಯ್ಕೆ

ತೀರಾ ಹಿಂದುಳಿದ ಶಾಲೆಯನ್ನೇ ಹುಡುಕಿಕೊಂಡು ಹೋಗಬೇಕೆಂಬ ಹುಮ್ಮಸ್ಸು ಮೊದಲಿಗೆ ಎಲ್ಲರಲ್ಲೂ ಇರುತ್ತದೆ. ಆದರೆ ಕೊಡಗಿನಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಬಸ್ಸಿನ ಸಮಯ. ಕಾಲೇಜಿನಿಂದ ಅಥವಾ ನಿಮ್ಮ ಮನೆಯಿಂದ ಒಂದೇ ಬಸ್ಸಿನಲ್ಲಿ ತಲುಪಬಹುದಾದ, ಕತ್ತಲಾಗುವ ಮೊದಲು ವಾಪಸು ಬರಬಹುದಾದ ಶಾಲೆಯನ್ನಷ್ಟೇ ಆರಿಸಿಕೊಳ್ಳಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಗಳಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಆನೆಗಳು ರಸ್ತೆ ದಾಟುವುದು ಅಲ್ಲಿಯವರಿಗೆ ದಿನನಿತ್ಯದ ಸಂಗತಿ. ಕೊನೆಯ ಬಸ್ಸು ತಪ್ಪಿಸಿಕೊಂಡು ತೋಟದ ದಾರಿಯಲ್ಲಿ ನಡೆದುಬರುವ ಸಾಹಸವನ್ನು ಯಾವ ಕಾರಣಕ್ಕೂ ಮಾಡಕೂಡದು. ಎಷ್ಟೋ ಸಲ ನೀವೇ ಓದಿದ ಊರಿನ ಶಾಲೆಯೇ ಎಲ್ಲಕ್ಕಿಂತ ಸೂಕ್ತವಾಗಿರುತ್ತದೆ, ಏಕೆಂದರೆ ಅಲ್ಲಿನ ಅಡುಗೆಯವರಿಂದ ಹಿಡಿದು ಪಂಚಾಯಿತಿ ಸದಸ್ಯರವರೆಗೆ ಎಲ್ಲರಿಗೂ ನೀವು ಯಾರ ಮನೆಯ ಮಗ, ಯಾರ ಮನೆಯ ಮಗಳು ಎಂಬುದು ಗೊತ್ತಿರುತ್ತದೆ.

ಮಕ್ಕಳ ಸಂಖ್ಯೆ ಕಡಿಮೆಯಿದ್ದು, ಒಬ್ಬರು ಅಥವಾ ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ನಿಮ್ಮ ಒಂದು ಗಂಟೆಗೆ ಹೆಚ್ಚು ಬೆಲೆ. ಅಲ್ಲಿನ ಶಿಕ್ಷಕರು ಸಭೆಗೋ ತರಬೇತಿಗೋ ಹೋದ ದಿನ ಎಲ್ಲ ತರಗತಿಗಳೂ ಒಂದೇ ಕೋಣೆಗೆ ಬರುತ್ತವೆ. ಗಿರಿಜನ ಹಾಡಿಗಳ ಮಕ್ಕಳು ಓದುವ ಆಶ್ರಮ ಶಾಲೆಗಳು ಪರಿಶಿಷ್ಟ ಪಂಗಡಗಳ ಕಲ್ಯಾಣದ ಇಲಾಖೆಯ ಅಧೀನದಲ್ಲಿರುವುದರಿಂದ ಅಲ್ಲಿಗೆ ಅನುಮತಿಯ ದಾರಿ ಬೇರೆ. ಮೊದಲ ವರ್ಷಕ್ಕೆ ಅವುಗಳನ್ನು ಆರಿಸಿಕೊಳ್ಳದಿರುವುದು ಲೇಸು.

ತಂಡ, ದಿನ ಮತ್ತು ಹೊತ್ತು

ಒಂದು ಶಾಲೆಗೆ ಆರು ಮಂದಿ ಸಾಕು, ಒಮ್ಮೆಗೆ ಹೋಗಬೇಕಾದವರು ಇಬ್ಬರು. ಆರು ಜನರನ್ನು ಮೂರು ಜೋಡಿಗಳಾಗಿ ಮಾಡಿಕೊಂಡರೆ, ಒಂದು ಜೋಡಿಗೆ ಆಂತರಿಕ ಪರೀಕ್ಷೆ ಬಂದಾಗ ಮತ್ತೊಂದು ಜೋಡಿ ಹೋಗಬಹುದು. ಯಾರು ಹೋದರೂ ದಿನ ಮಾತ್ರ ಬದಲಾಗಬಾರದು. ಬುಧವಾರ ಎಂದರೆ ಬುಧವಾರವೇ. ಮಕ್ಕಳು ವಾರದ ಹೆಸರುಗಳನ್ನು ನಿಮ್ಮಿಂದಲೇ ಗುರುತಿಸಲು ಆರಂಭಿಸುತ್ತಾರೆ; “ನಾಳೆ ಅಕ್ಕ ಬರುವ ದಿನ” ಎನ್ನುವ ಮಗುವಿಗೆ ಆ ದಿನ ನೀವು ಬರಲಿಲ್ಲವೆಂದರೆ, ಅದಕ್ಕೆ ಸೆಮಿಸ್ಟರ್ ಪರೀಕ್ಷೆ ಎಂಬ ಕಾರಣ ಅರ್ಥವಾಗುವುದಿಲ್ಲ.

ವರ್ಷದ ಲೆಕ್ಕಾಚಾರ ಹಾಕುವಾಗ ಗೋಡೆಯ ಕ್ಯಾಲೆಂಡರ್ ಜೊತೆಗೆ ಕೊಡಗಿನ ಮಳೆಯನ್ನೂ ತೋಟದ ಕೆಲಸವನ್ನೂ ಮುಂದಿಟ್ಟುಕೊಳ್ಳಬೇಕು. ಜೂನ್‌ನಲ್ಲಿ ಅನುಮತಿ ಪಡೆಯಿರಿ. ಜುಲೈ ಮತ್ತು ಆಗಸ್ಟ್ ಮೊದಲ ವಾರಗಳಲ್ಲಿ ಜಿಲ್ಲಾಡಳಿತ ರಜೆ ಘೋಷಿಸಿ ಕೆಲವು ಭೇಟಿಗಳು ತಪ್ಪುವುದು ಖಚಿತವೆಂದು ಮೊದಲೇ ಎಣಿಸಿಕೊಳ್ಳಿ. ಸೆಪ್ಟೆಂಬರ್ ಆರಂಭದ ಕೈಲ್‌ಮುಹೂರ್ತ, ಅಕ್ಟೋಬರ್‌ನ ದಸರಾ ರಜೆ ಮತ್ತು ಕಾವೇರಿ ಸಂಕ್ರಮಣ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಪುತ್ತರಿ ಇವೆಲ್ಲ ನಡುವೆ ಬರುತ್ತವೆ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕಾಫಿಯ ಕುಯ್ಲು ಆರಂಭವಾದಾಗ ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಮಕ್ಕಳ ಹಾಜರಾತಿ ಇಳಿಯುವುದುಂಟು. ಹಿರಿಯ ಮಗು ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತದೆ. ಇಷ್ಟೆಲ್ಲ ಕಳೆದು ಲೆಕ್ಕ ಹಾಕಿದರೆ ವರ್ಷದಲ್ಲಿ ನಿಮಗೆ ಸಿಗುವುದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು ಭೇಟಿಗಳು. ಏನು ಮಾಡುತ್ತೇವೆಂದು ಶಾಲೆಗೆ ಮಾತು ಕೊಡುವಾಗ ಈ ಇಪ್ಪತ್ತನ್ನು ನೆನಪಿನಲ್ಲಿಟ್ಟುಕೊಂಡೇ ಕೊಡಿ.

ಅನುಮತಿ

ಮೊದಲು ಮಾತನಾಡಿ, ಆಮೇಲೆ ಪತ್ರ ಬರೆಯಿರಿ. ಮುಖ್ಯ ಶಿಕ್ಷಕರನ್ನು ಶಾಲೆಯ ಕೆಲಸ ಮುಗಿಯುವ ಹೊತ್ತಿಗೆ ಕಂಡು, ನೀವು ಏನು ಮಾಡಬಲ್ಲಿರಿ ಎನ್ನುವುದಕ್ಕಿಂತ ಮೊದಲು ಅವರಿಗೆ ಏನು ಬೇಕಾಗಿದೆ ಎಂದು ಕೇಳಿ. ಅವರ ಉತ್ತರ ನಿಮಗೆ ನಿರಾಶೆ ತರಬಹುದು. ನೀವು ವಿಜ್ಞಾನ ಪ್ರದರ್ಶನದ ಕನಸು ಕಟ್ಟಿಕೊಂಡು ಹೋಗಿದ್ದರೆ, ಅವರಿಗೆ ಬೇಕಾಗಿರುವುದು ಐದನೆಯ ತರಗತಿಯಲ್ಲಿ ಇನ್ನೂ ಓದಲು ಬಾರದ ನಾಲ್ಕು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವವರು. ಅದನ್ನೇ ಒಪ್ಪಿಕೊಳ್ಳಿ.

ಅನಂತರ ಕಾಲೇಜಿನ ಪ್ರಾಂಶುಪಾಲರ ಮೂಲಕ ಒಂದು ಪುಟದ ಪತ್ರ ಹೋಗಲಿ. ಅದರಲ್ಲಿ ಹೋಗುವ ಆರು ಮಂದಿಯ ಹೆಸರು ಮತ್ತು ತರಗತಿ, ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸ, ಜವಾಬ್ದಾರಿ ಹೊತ್ತ ಉಪನ್ಯಾಸಕರು ಯಾರು ಎಂಬುದಿದ್ದರೆ ಸಾಕು. “ಸಮಾಜಮುಖಿ ಚಿಂತನೆಯ ಹಿನ್ನೆಲೆಯಲ್ಲಿ” ಎಂದು ಆರಂಭವಾಗುವ ಪೀಠಿಕೆ ಬೇಡ. ಮುಖ್ಯ ಶಿಕ್ಷಕರಿಗೆ ಬರೆದ ಪತ್ರದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್.ಡಿ.ಎಂ.ಸಿ.ಯ, ಅಧ್ಯಕ್ಷರಿಗೂ ತಲುಪಿಸಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಅವರ ಒಂದು ಸಭೆಯಲ್ಲಿ ಹತ್ತು ನಿಮಿಷ ನಿಂತು ನಿಮ್ಮ ಪರಿಚಯ ಹೇಳಿಕೊಂಡರೆ, ಮುಂದೆ “ಇವರು ಯಾರು, ಯಾಕೆ ಬರುತ್ತಾರೆ” ಎಂಬ ಪ್ರಶ್ನೆಯೇ ಏಳುವುದಿಲ್ಲ. ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೂ, ಅಂದರೆ ಶಾಲೆಯವರು ಸಿ.ಆರ್.ಪಿ. ಎಂದು ಕರೆಯುವವರಿಗೂ, ವಿಷಯ ತಿಳಿದಿರಲಿ. ಪಕ್ಕದ ಯಾವ ಶಾಲೆಯಲ್ಲಿ ಯಾವ ಕಲಿಕಾ ಸಾಮಗ್ರಿ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಹೆಸರು ನೋಂದಾಯಿಸಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮಾಡಬೇಕಾಗುತ್ತದೆ. ಈ ಭೇಟಿಗಳನ್ನು ಅದರಲ್ಲಿ ಸೇರಿಸಲು ಕಾರ್ಯಕ್ರಮಾಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ. ಯೋಜನೆಯಲ್ಲಿ ಇಲ್ಲದವರು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣದಲ್ಲಿ ಸ್ವಯಂಸೇವಕರಾಗಿ ನೋಂದಾಯಿಸಿಕೊಳ್ಳಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಮ್ಮ ಅಗತ್ಯಗಳನ್ನು ಅಲ್ಲಿ ಪ್ರಕಟಿಸಬಹುದಾಗಿದೆ.

ಮೊದಲ ಎರಡು ಭೇಟಿಗಳು

ಇವುಗಳಲ್ಲಿ ಏನನ್ನೂ ಕಲಿಸಬೇಡಿ. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕುಳಿತಿರುವ ನಲಿಕಲಿ ಕೋಣೆಗೆ ಹೋದರೆ, ಅಲ್ಲಿ ಸಾಲಿನ ಬದಲು ಗುಂಪುಗಳಿರುತ್ತವೆ. 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಮುಂದೆ ಸಾಗುತ್ತಾರೆ. ಗುಂಪುಗಳನ್ನು ‘ತಟ್ಟೆ’ ಎಂದು ಕರೆಯುತ್ತಾರೆ: ಶಿಕ್ಷಕರ ಸಹಾಯದ ತಟ್ಟೆ, ಭಾಗಶಃ ಶಿಕ್ಷಕರ ಸಹಾಯದ ತಟ್ಟೆ, ಅಲ್ಲಿಂದ ಮುಂದೆ ಸಹಪಾಠಿಗಳ ಸಹಾಯದ ತಟ್ಟೆಗಳು, ಕೊನೆಯಲ್ಲಿ ಸ್ವಕಲಿಕೆಯ ತಟ್ಟೆ. ನನ್ನ ಅನುಭವದಲ್ಲಿ ಸ್ವಯಂಸೇವಕರು ಕೂರಬೇಕಾದ ಜಾಗ ಎರಡನೆಯ ತಟ್ಟೆ. ಮೊದಲನೆಯದು ಶಿಕ್ಷಕರದ್ದೇ ಆಗಿರಬೇಕು, ಆದರೆ ಎರಡನೆಯದರಲ್ಲಿ ಕುಳಿತ ಮಕ್ಕಳು ಅರ್ಧ ಗೊತ್ತಾಗಿ ಅರ್ಧ ಗೊತ್ತಾಗದೆ ಶಿಕ್ಷಕರ ಕಡೆ ನೋಡುತ್ತ ಕಾಯುತ್ತಿರುತ್ತಾರೆ.

ಮಕ್ಕಳ ಮನೆಮಾತು ಯಾವುದೆಂದು ಈ ಎರಡು ಭೇಟಿಗಳಲ್ಲೇ ತಿಳಿದುಕೊಳ್ಳಿ. ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವ ಮತ್ತು ಜೇನುಕುರುಬರ ನುಡಿ, ಈಚೆಗೆ ಅಸ್ಸಾಮಿ ಹಾಗೂ ಬಂಗಾಳಿ ಕೂಡ ಇರುವ ಶಾಲೆಗಳು ಕೊಡಗಿನಲ್ಲಿ ಅಪರೂಪವಲ್ಲ. ಉತ್ತರ ಹೇಳದೆ ಕುಳಿತ ಮಗುವಿಗೆ ಉತ್ತರ ಗೊತ್ತಿಲ್ಲವೋ, ಪ್ರಶ್ನೆಯ ಕನ್ನಡ ಗೊತ್ತಿಲ್ಲವೋ ಎಂಬುದನ್ನು ಬೇರ್ಪಡಿಸಿ ನೋಡುವುದು ನಿಮ್ಮ ಮೊದಲ ಕೆಲಸ. ಕೊಡವ ತಕ್ಕ್ ಅಥವಾ ಎರವ ನುಡಿ ಬಲ್ಲ ವಿದ್ಯಾರ್ಥಿ ನಿಮ್ಮ ತಂಡದಲ್ಲಿದ್ದರೆ, ಬಿ.ಎಡ್. ಓದಿದವರಿಗಿಂತ ಆ ಕೋಣೆಗೆ ಅವರೇ ಹೆಚ್ಚು ಉಪಯುಕ್ತರು.

ಓದಿಸುವುದು

ಎಲ್ಲಕ್ಕಿಂತ ಹೆಚ್ಚು ಶಾಲೆಗಳು ಕೇಳುವುದು ಇದನ್ನೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರನೆಯ ಭೇಟಿಯಲ್ಲಿ, ಶಿಕ್ಷಕರು ಗುರುತಿಸಿಕೊಟ್ಟ ಪ್ರತಿಯೊಂದು ಮಗುವಿನೊಂದಿಗೆ ಐದು ನಿಮಿಷ ಕುಳಿತು, ಕೆಲವು ಬಿಡಿ ಅಕ್ಷರಗಳು, ಕೆಲವು ಸರಳ ಪದಗಳು, ನಾಲ್ಕು ವಾಕ್ಯಗಳ ಒಂದು ಪ್ಯಾರಾ, ಎಂಟು ಹತ್ತು ವಾಕ್ಯಗಳ ಒಂದು ಕಥೆ, ಇವುಗಳಲ್ಲಿ ಮಗು ಎಲ್ಲಿಯವರೆಗೆ ಓದಬಲ್ಲದು ಎಂದು ನೋಡಿ ಬರೆದುಕೊಳ್ಳಿ. ಅಸರ್ ಎಂಬ ಹೆಸರಿನಲ್ಲಿ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತಿರುವ ಸಮೀಕ್ಷೆಯೂ ಈ ಮೆಟ್ಟಿಲುಗಳನ್ನೇ ಬಳಸುತ್ತದೆ. ಇದು ಪರೀಕ್ಷೆಯಲ್ಲ, ಅಂಕ ಹಾಕಬೇಡಿ, ಫಲಿತಾಂಶವನ್ನು ಉಳಿದ ಮಕ್ಕಳ ಮುಂದೆ ಹೇಳಬೇಡಿ.

ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಬಹುಪಾಲು ಗೊತ್ತಿರುವಂಥವೇ. ಬಿಡಿ ಅಕ್ಷರಗಳನ್ನೆಲ್ಲ ಸರಾಗವಾಗಿ ಹೇಳುವ ಮಗು ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುತ್ತದೆ, ಏಕೆಂದರೆ ಕೆಳಗೆ ಅಂಟಿಕೊಂಡಿರುವ ಒತ್ತು ಅದರ ಕಣ್ಣಿಗೆ ಅಕ್ಷರವಾಗಿ ಕಾಣುವುದೇ ಇಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಇದಕ್ಕೆ ಕಂಡುಕೊಂಡ ಉಪಾಯ ಹೀಗಿತ್ತು: ‘ಅಕ್ಕ’ ಎಂದು ಹೇಳುವಾಗ ‘ಅಕ್’ ಎನ್ನುವಲ್ಲಿ ಬೆಂಚಿನ ಮೇಲೆ ಒಮ್ಮೆ ತಟ್ಟಿ, ಅರೆಕ್ಷಣ ತಡೆದು, ‘ಕ’ ಎಂದು ಮತ್ತೊಮ್ಮೆ ತಟ್ಟುವುದು. ಮಕ್ಕಳು ‘ಅಮ್ಮ’, ‘ಅಣ್ಣ’, ‘ಬೆಟ್ಟ’, ‘ಹಳ್ಳಿ’ ಎಂದು ತಟ್ಟುತ್ತ ಹೋದರು. ಸಜಾತೀಯ ಒತ್ತುಗಳು ಗಟ್ಟಿಯಾದ ಮೇಲೆಯೇ ‘ಪುಸ್ತಕ’, ‘ಚಕ್ರ’ ಮುಂತಾದ ವಿಜಾತೀಯ ಒತ್ತುಗಳಿಗೆ ಬಂದಳು. ‘ಸೂರ್ಯ’ನಲ್ಲಿ ಬರುವ ಅರ್ಕಾವೊತ್ತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಳು, ಏಕೆಂದರೆ ಅಲ್ಲಿ ಮೊದಲು ಉಚ್ಚರಿಸಬೇಕಾದ ‘ರ್’ ಬರವಣಿಗೆಯಲ್ಲಿ ಹಿಂದೆ ಬರುತ್ತದೆ. ದೊಡ್ಡವರಾದ ನಾವು ಮರೆತಿರುವ ಈ ತೊಡಕನ್ನು ಒಂಬತ್ತು ವರ್ಷದ ಮಗುವಿನ ಜಾಗದಲ್ಲಿ ಕುಳಿತು ನೋಡಬೇಕು.

ಗಂಟೆಯ ಕೊನೆಯ ಹದಿನೈದು ನಿಮಿಷ ಎಲ್ಲ ಮಕ್ಕಳಿಗೂ ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿ. ಪುಸ್ತಕಗಳಿಗಾಗಿ ಹಣ ಸಂಗ್ರಹಿಸುವ ಮೊದಲು ಶಾಲೆಯ ಬೀರು ತೆಗೆದು ನೋಡಿ. ಬಹಳಷ್ಟು ಶಾಲೆಗಳಲ್ಲಿ ಇಲಾಖೆ ಕೊಟ್ಟ ಕಥೆಪುಸ್ತಕಗಳು ಹರಿದುಹೋಗುತ್ತವೆಂಬ ಭಯದಿಂದ ಬೀಗದೊಳಗೇ ಇರುತ್ತವೆ. ಅವುಗಳಿಗೆ ರಟ್ಟು ಹಾಕಿ, ಸಂಖ್ಯೆ ಬರೆದು, ಕಿಟಕಿಯ ಸರಳಿನ ಉದ್ದಕ್ಕೂ ಕಟ್ಟಿದ ದಾರದ ಮೇಲೆ ತೂಗುಹಾಕಿದರೆ ಅದೇ ಗ್ರಂಥಾಲಯ. ಮಳೆಗಾಲದಲ್ಲಿ ಮಾತ್ರ ಕಿಟಕಿ ಬೇಡ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ; ಒಳಗೋಡೆಗೆ ಬದಲಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಹತ್ತಿರದಲ್ಲಿದ್ದರೆ ಮಕ್ಕಳಿಗೆ ಅಲ್ಲಿನ ಸದಸ್ಯತ್ವ ಮಾಡಿಸಿಕೊಡಿ.

ಮಳೆಯಿಂದ ದಶಮಾಂಶ

ಗಣಿತಕ್ಕೆ ಕೊಡಗಿನಲ್ಲಿ ಸಾಮಗ್ರಿ ಆಕಾಶದಿಂದಲೇ ಬೀಳುತ್ತದೆ. ನಮ್ಮ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಹೇಳುತ್ತಾರೆ; ನೂರು ಸೆಂಟ್ ಸೇರಿದರೆ ಒಂದು ಇಂಚು. ಪತ್ರಿಕೆಯಲ್ಲಿ ಬರುವುದು ಮಿಲಿಮೀಟರ್. ಇವೆರಡರ ನಡುವೆ ಆರನೆಯ ತರಗತಿಯ ದಶಮಾಂಶ ಪಾಠ ಪೂರ್ತಿಯಾಗಿ ಕುಳಿತಿದೆ.

ನೇರವಾದ ಬದಿಗಳಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ, ಕತ್ತರಿಸಿದ ಭಾಗವನ್ನು ತಲೆಕೆಳಗಾಗಿ ಆಲಿಕೆಯಂತೆ ಅದರೊಳಗೇ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಒಂದಷ್ಟು ಸಣ್ಣ ಕಲ್ಲು ಹಾಕಿ, ಬದಿಗಳು ನೇರವಾಗುವ ಮಟ್ಟದವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ ಮತ್ತು ಸೂರಿನಿಂದ ದೂರ, ಅಂಗಳದ ನಡುವೆ, ಗಾಳಿಗೆ ಉರುಳದಂತೆ ಇಟ್ಟಿಗೆಗಳ ಮಧ್ಯೆ ನಿಲ್ಲಿಸಿ. ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಇಬ್ಬರು ಮಕ್ಕಳು ಅಳತೆ ಬರೆದು, ನೀರನ್ನು ಮತ್ತೆ ಸೊನ್ನೆ ಗೆರೆಗೆ ತರಲಿ. 1 ಇಂಚು 25 ಸೆಂಟ್ ಎಂದರೆ 1.25 ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಗುಣಿಸಿದರೆ 31.75 ಮಿಲಿಮೀಟರ್. ಒಂದು ಶಾಲೆಯಲ್ಲಿ, ತೋಟದ ಲೆಕ್ಕಪತ್ರ ನೋಡುವ ರೈಟರ್‌ನ ಮಗನೊಬ್ಬ ದಿನವೂ ಅಪ್ಪನ ಮಳೆ ಪುಸ್ತಕದ ಅಂಕಿಯನ್ನು ತಂದು ಶಾಲೆಯ ಅಂಕಿಯೊಂದಿಗೆ ಹೋಲಿಸಿ, ಎರಡೂ ಏಕೆ ಬೇರೆ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಆ ಜಗಳದಿಂದಲೇ ಸರಾಸರಿಯ ಪಾಠ ಆರಂಭವಾಯಿತು.

ಲೈನ್ ಮನೆಗಳ ಮಕ್ಕಳು

ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಗಳಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಶಾಲೆಯ ಹೊರಗೇ ಉಳಿದಿರುವುದು ನಿಮ್ಮ ಕಣ್ಣಿಗೆ ಬೀಳಬಹುದು. ವರ್ಗಾವಣೆ ಪತ್ರವಿಲ್ಲ, ಜನನ ಪ್ರಮಾಣಪತ್ರವಿಲ್ಲ, ಆದ್ದರಿಂದ ಸೇರಿಸಿಕೊಳ್ಳುವುದಿಲ್ಲ ಎಂದು ತಂದೆತಾಯಿ ತಾವೇ ಅಂದುಕೊಂಡಿರುತ್ತಾರೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂಬುದೂ ಕಾರಣವಾಗುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹಿಂದಿ ಬಲ್ಲ ಒಬ್ಬ ವಿದ್ಯಾರ್ಥಿ ಭಾನುವಾರ ಬೆಳಿಗ್ಗೆ, ರೈಟರ್ ಅಥವಾ ಮಾಲೀಕರಿಗೆ ಹೇಳಿ, ಲೈನಿಗೆ ಹೋಗಿ ಈ ವಿಷಯ ತಿಳಿಸಿ, ಸೋಮವಾರ ಪೋಷಕರನ್ನು ಶಾಲೆಗೆ ಕರೆತಂದರೆ ಅರ್ಧ ಕೆಲಸ ಮುಗಿದಂತೆ. ಮಾಲೀಕರಿಗೆ ತಿಳಿಸದೆ ತೋಟದೊಳಗೆ ಹೋಗಬೇಡಿ.

ಸೇರಿದ ಮಗುವಿಗೆ ಮೊದಲ ತಿಂಗಳು ಬೇಕಾಗಿರುವುದು ನೂರು ಪದಗಳು. ಗೋಡೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ಎಲ್ಲರ ಮಾತು, ಎಲ್ಲವೂ ಕನ್ನಡ ಅಕ್ಷರಗಳಲ್ಲಿ: ನೀರು, ನೀರ್, ವೆಳ್ಳಂ, ಪಾನಿ. ಹೀಗೆ ಮಾಡಿದ ದಿನ ಅಸ್ಸಾಮಿನಿಂದ ಬಂದ ಹುಡುಗಿಯೊಬ್ಬಳು ಎದ್ದು ಬಂದು ‘ಪಾನಿ’ ಎಂಬ ಪದದ ಮೇಲೆ ಬೆರಳಿಟ್ಟು ನಿಂತಳು. ಅವಳು ಕನ್ನಡದಲ್ಲಿ ಓದಿದ ಮೊದಲ ಪದ ಅದು.

ಪರೀಕ್ಷೆಗಳಿಗೆ ನೆರವು

ಹಿರಿಯ ಪ್ರಾಥಮಿಕ ಅಥವಾ ಪ್ರೌಢಶಾಲೆಯನ್ನು ಆರಿಸಿಕೊಂಡವರಿಗೆ ಎರಡು ಪರೀಕ್ಷೆಗಳ ಮಾಹಿತಿ ಬೇಕು. ಎಂಟನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ; ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳಿರುತ್ತವೆ. ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯದ ಆರನೆಯ ತರಗತಿಗೆ ಐದನೆಯ ತರಗತಿಯ ಮಕ್ಕಳು ಬರೆಯುವ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆಗಳು, ಅದರಲ್ಲಿ 40 ಬೌದ್ಧಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಇವೆರಡರಲ್ಲೂ ಮಕ್ಕಳು ಸೋಲುವುದು ತಿಳಿವಳಿಕೆಯ ಕೊರತೆಗಿಂತ ಉತ್ತರ ಪತ್ರಿಕೆಯ ವೃತ್ತ ತುಂಬುವ ಅಭ್ಯಾಸವಿಲ್ಲದೆ, ಹೊತ್ತು ಸಾಲದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಅರ್ಜಿ, ಆದಾಯ ಪ್ರಮಾಣಪತ್ರ ಇತ್ಯಾದಿಗಳನ್ನು ಶಾಲೆಯ ಮೂಲಕವೇ ಮಾಡಿಸಿ, ಕೊನೆಯ ದಿನಾಂಕವನ್ನು ಮಾತ್ರ ನೀವೂ ನೆನಪಿಟ್ಟುಕೊಳ್ಳಿ.

ಪ್ರತಿಭಾ ಕಾರಂಜಿಗೆ ಹಾಡು ನೃತ್ಯ ಕಲಿಸುವುದು, ಹಾಕಿ ಆಡಿಸುವುದು, ಕೆಟ್ಟುನಿಂತ ಕಂಪ್ಯೂಟರ್ ದುರಸ್ತಿ ಮಾಡುವುದು ಇವೆಲ್ಲ ಬಲ್ಲವರು ಮಾಡಲಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ಶಾಲೆಯ ಆವರಣದ ಮರಗಳಿಗೆ ಹೆಸರು ಫಲಕ ಹಾಕಬಹುದು, ಮಡಿಕೇರಿಯ ವೈದ್ಯಕೀಯ ಕಾಲೇಜಿನವರು ಹಲ್ಲು, ಕಣ್ಣು, ಕೈತೊಳೆಯುವ ಕ್ರಮ ತೋರಿಸಬಹುದು.

ಮೀರಬಾರದ ಗೆರೆಗಳು

ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನೊಂದಿಗೆ ಒಬ್ಬರೇ ಇರಬೇಡಿ. ಇಬ್ಬರು ಹೋಗಬೇಕೆಂಬುದಕ್ಕೆ ಇದೂ ಒಂದು ಕಾರಣ. ಮಕ್ಕಳ ಫೋಟೋವನ್ನು ಶಾಲೆ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ತೆಗೆಯಬಾರದು, ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಹೊಡೆಯುವುದು, ಗದರಿಸಿ ಅವಮಾನಿಸುವುದು ಎರಡೂ ಕಾಯ್ದೆಯಲ್ಲಿ ನಿಷಿದ್ಧ. ಫೋನ್ ನಂಬರ್ ಕೊಡಬೇಡಿ, ಚಾಕೊಲೇಟ್ ಹಂಚಿ ಪ್ರೀತಿ ಗಳಿಸಬೇಡಿ. ಶಿಕ್ಷಕರ ಬಗ್ಗೆ ಮಕ್ಕಳ ಮುಂದೆ ಒಂದು ಮಾತನ್ನೂ ಆಡಬೇಡಿ. ಶಿಕ್ಷಕರು ತರಗತಿಯನ್ನು ಪೂರ್ತಿ ನಿಮಗೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ರೂಢಿ ಬೆಳೆಯುತ್ತಿದೆ ಎನಿಸಿದರೆ, ನೀವೇ ಹೇಳಲು ಹೋಗದೆ ನಿಮ್ಮ ಉಪನ್ಯಾಸಕರಿಗೆ ತಿಳಿಸಿ.

ಮಗುವೊಂದು ತನ್ನ ಮೇಲೆ ಯಾರೋ ದೌರ್ಜನ್ಯ ಎಸಗಿದ್ದಾರೆಂದು ನಿಮ್ಮಲ್ಲಿ ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಅದು ಲೈಂಗಿಕ ದೌರ್ಜನ್ಯವಾಗಿದ್ದರೆ, ಮಕ್ಕಳನ್ನು ಅಂಥ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮತ್ತೆ ಮತ್ತೆ ಪ್ರಶ್ನೆ ಕೇಳದೆ, ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟುಕೊಂಡು, ಅದೇ ದಿನ ಮುಖ್ಯ ಶಿಕ್ಷಕರಿಗೂ ನಿಮ್ಮ ಉಪನ್ಯಾಸಕರಿಗೂ ತಿಳಿಸಿ. ಅವರ ಮೂಲಕ ವಿಷಯ ಪೊಲೀಸರಿಗೆ ತಲುಪದಿದ್ದರೆ ಅಥವಾ ಆಪಾದನೆ ಶಾಲೆಯವರ ಮೇಲೆಯೇ ಇದ್ದರೆ ನೀವೇ ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಮಗುವಿನ ಹೆಸರನ್ನು ಇನ್ನು ಯಾರ ಬಳಿಯೂ ಹೇಳಬಾರದು.

ಪುಸ್ತಕ ಒಪ್ಪಿಸುವುದು

ಮೊದಲ ಭೇಟಿಯಿಂದಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ, ಅದು ಶಾಲೆಯ ಬೀರುವಿನಲ್ಲೇ ಇರಲಿ. ಹೋದವರ ಹೆಸರು, ಯಾವ ಮಗುವಿನೊಂದಿಗೆ ಏನು ಮಾಡಿದಿರಿ, ಎಲ್ಲಿಗೆ ನಿಂತಿತು ಎಂಬ ಮೂರು ಸಾಲನ್ನು ಬಸ್ಸಿಗೆ ಹೊರಡುವ ಮೊದಲೇ ಬರೆಯಿರಿ. ಮುಂದಿನ ವಾರ ಬರುವ ಜೋಡಿ ಆ ಸಾಲಿನಿಂದ ಮುಂದುವರಿಸುತ್ತದೆ. ಮುಖ್ಯ ಶಿಕ್ಷಕರು ಸಹಿ ಹಾಕಿದರೆ ಸೇವೆಯ ಗಂಟೆಗಳಿಗೂ ಅದೇ ದಾಖಲೆ. ನವೆಂಬರ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಮಕ್ಕಳ ಓದನ್ನು ಮೊದಲಿನಂತೆಯೇ ನೋಡಿ ಪಕ್ಕದಲ್ಲಿ ಬರೆಯಿರಿ. ಕೆಲವರು ಇದ್ದಲ್ಲೇ ಇರುತ್ತಾರೆ, ಅದನ್ನೂ ಹಾಗೆಯೇ ಬರೆಯಿರಿ.

ಅಂತಿಮ ವರ್ಷದವರು ಕಾಲೇಜು ಬಿಡುವ ಮುನ್ನ ಮೊದಲ ವರ್ಷದ ಇಬ್ಬರನ್ನು ಕರೆದುಕೊಂಡು ಹೋಗಿ ಮಕ್ಕಳಿಗೆ ಪರಿಚಯಿಸಬೇಕು. ಕೊನೆಯ ಭೇಟಿ ಯಾವುದೆಂದು ಎರಡು ವಾರ ಮೊದಲೇ ಮಕ್ಕಳಿಗೆ ಹೇಳಿರಬೇಕು. ಆ ದಿನ ಬೀರುವಿನ ಪುಸ್ತಕಗಳನ್ನು ಎಣಿಸಿ, ಮಳೆಮಾಪಕದ ಬಾಟಲಿಯನ್ನು ತೊಳೆದು ಒಳಗಿಟ್ಟು, ಹೊಸಬರ ಹೆಸರನ್ನು ನೋಟ್‌ಬುಕ್ಕಿನ ಮುಂದಿನ ಖಾಲಿ ಪುಟದ ಮೇಲೆ ಬರೆದು, ಕೀಲಿಯನ್ನು ಮುಖ್ಯ ಶಿಕ್ಷಕರಿಗೆ ಕೊಟ್ಟು ಬನ್ನಿ.